ಮುನ್ನೂರ ನಲವತ್ತು ಗಜ

ಅಪ್ಪನ ಗ್ಯಾರೇಜಿನಲ್ಲಿ ನೇತಾಡುವ ಕಿತ್ತಳೆ ಬಣ್ಣದ ಬೇಟೆ ಜಾಕೆಟ್ಟಿಗೆ ಈಗಲೂ ಬಂದೂಕಿನ ಎಣ್ಣೆಯ ವಾಸನೆಯಿದೆ.

ಶಾಲೆ ಲ್ಯಾಪ್‌ಟಾಪಿನಲ್ಲಿ ನಡೆಯುತ್ತಿದ್ದ ಆ ವರ್ಷ ನನಗೆ ಹನ್ನೆರಡು. ಅಪ್ಪ ಹೊಸ ರೈಫಲ್ ಕೊಂಡಿದ್ದರು. ಉತ್ತರ ಕೆರೊಲಿನಾದಲ್ಲಿ ಜಮೀನು ಮಾಡಿಕೊಂಡಿದ್ದ ಕೊಡಗಿನ ಪೊನ್ನಪ್ಪ ಅಂಕಲ್ ನಮ್ಮನ್ನು ಜಿಂಕೆ ಬೇಟೆಗೆ ಕರೆದಿದ್ದರು.

"ಇನ್ನೂರು ಗಜದಾಚೆ ಹೊಡೀಬೇಡಿ. ದೂರ ಹೋದಷ್ಟೂ ಗುಂಡಿನ ವೇಗ ಇಳಿಯುತ್ತೆ, ಮೈಯೊಳಗೆ ಹೊಕ್ಕಾಗ ಸರಿಯಾಗಿ ಅರಳಿ ದೊಡ್ಡ ಗಾಯ ಮಾಡಲ್ಲ. ಪ್ರಾಣಿ ನರಳಿ ಸಾಯುತ್ತೆ" ಎಂದು ಹೇಳಿ ಅಂಕಲ್ ಹೊಲದ ಇನ್ನೊಂದು ತುದಿಗೆ ಹೋದರು.

ಸಂಜೆ ನಾಲ್ಕು ಗಂಟೆಗೆ ಕಾಡಿನಂಚಿನಲ್ಲಿ ಜಿಂಕೆಯೊಂದು ಕಾಣಿಸಿತು. ದೂರ ಅಳೆಯುವ ಯಂತ್ರ ಮುನ್ನೂರ ನಲವತ್ತು ಗಜ ತೋರಿಸಿತು.

"ಅಪ್ಪಾ, ಅಂಕಲ್ ಬೇಡ ಅಂದ್ರು."

"ವಿಡಿಯೋದಲ್ಲಿ ಐನೂರಕ್ಕೂ ಹೊಡೀತಾರೆ. ಸುಮ್ನಿರು ಪುಟ್ಟಿ."

ಗುಂಡು ಹಾರಿತು. ಜಿಂಕೆ ಬೆನ್ನು ಬಗ್ಗಿಸಿ ಕಾಡಿನೊಳಗೆ ಓಡಿತು. ನಾವು ಹೋಗಿ ನೋಡಿದರೆ ಅದು ನಿಂತಿದ್ದ ಜಾಗದಲ್ಲಿ ಹೊಟ್ಟೆಯ ಬಿಳಿ ಕೂದಲು, ಹೊಟ್ಟೆಯೊಳಗಿನ ಮೇವಿನ ಹಸಿರು ರಸ ಬೆರೆತ ರಕ್ತ ಬಿದ್ದಿತ್ತು. ಅಪ್ಪ ಬೂಟಿನಿಂದ ಅದರ ಮೇಲೆ ಎಲೆ ಎಳೆದರು.

ಅಂಕಲ್ ಏದುಸಿರು ಬಿಡುತ್ತಾ ಬಂದರು. "ತಗುಲ್ತಾ? ಗಾಯ ಆಗಿದ್ರೆ ಹೇಳಿ, ಎಷ್ಟು ಹೊತ್ತಾದ್ರೂ ಹುಡುಕೋಣ."

"ಮಿಸ್ ಆಯ್ತು" ಎಂದು ಅಪ್ಪ ನಕ್ಕರು.

ಅಂಕಲ್ ನನ್ನ ಕಡೆ ತಿರುಗಿದರು. "ಹೌದೇನಮ್ಮ?"

"ಯೆಸ್ ಅಂಕಲ್. ಮಿಸ್ ಆಯ್ತು."

ಮೂರನೆಯ ದಿನ, ಅಂಕಲ್ ಮನೆಯಲ್ಲಿ ಅಪ್ಪ ಮರೆತಿದ್ದ ಜಾಕೆಟ್ ತರಲು ಹೋದಾಗ ಕಾಡಿನ ಮೇಲೆ ರಣಹದ್ದುಗಳು ಸುತ್ತುತ್ತಿದ್ದವು. ಅಂಕಲ್ ಜಾಕೆಟ್ಟನ್ನು ಬಾಗಿಲಲ್ಲೇ ಅಪ್ಪನ ಕೈಗೆ ಕೊಟ್ಟರು. ಕಾಫಿಗೆ ಕರೆಯಲಿಲ್ಲ. ನನ್ನನ್ನು ನೋಡಲೂ ಇಲ್ಲ.