ಮಗುವಿಗಿಟ್ಟ ಹೆಸರು

ಆಪರೇಷನ್‌ಗೆ ಹೋಗುವ ಮುಂಚೆ ನಂದೀಶನ ಗೆಳೆಯ, ಹುಟ್ಟಲಿರುವ ತನ್ನ ಮಗುವಿನ ಹೆಸರನ್ನು ತನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ಬೀಗ ಹಾಕಿಟ್ಟಿದ್ದ. ಬೀಗ ತೆಗೆಯುವ ಪ್ರೋಗ್ರಾಮನ್ನೂ ಅವನೇ ಬರೆದಿದ್ದ. ಅವನು ವಾಪಸ್ ಬರಲಿಲ್ಲ. ಲ್ಯಾಪ್‌ಟಾಪ್ ಅಪ್‌ಡೇಟ್ ಆದಮೇಲೆ ಆ ಪ್ರೋಗ್ರಾಮೂ ಓಡಲಿಲ್ಲ.

"ಅವನು ಬರೆದ ಸೋರ್ಸ್ ಕೋಡ್ ಇದೆಯಲ್ಲ ಅತ್ತಿಗೆ, ಅದರಿಂದ ಪ್ರೋಗ್ರಾಮನ್ನ ಹೊಸದಾಗಿ ಬಿಲ್ಡ್ ಮಾಡಿಬಿಡ್ತೀನಿ. ಕಾಫಿ ಆರೋದ್ರೊಳಗೆ ಹೆಸರು ಕೇಳ್ತೀರಿ," ಎಂದ ನಂದೀಶ.

"ನಾಳೆ ನಾಮಕರಣ," ಎಂದಳು ಗೆಳೆಯನ ಹೆಂಡತಿ. ದನಿಯಲ್ಲಿ ಏನೂ ಇರಲಿಲ್ಲ. ಮಗು ತೊಡೆಯ ಮೇಲೆ ಮಲಗಿತ್ತು.

ನಂದೀಶ ಅಭ್ಯಾಸದಂತೆ ಮೊದಲು ‘ಮೇಕ್ ಕ್ಲೀನ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿದ. ಹಿಂದಿನ ಬಿಲ್ಡ್‌ನ ಕಸ ತುಂಬಿದ ಫೋಲ್ಡರನ್ನು ಪೂರ್ತಿ ಅಳಿಸಿಹಾಕುವ ಕಮಾಂಡು ಅದು. ಅದಿಲ್ಲದೆ ಅವನು ಯಾವ ಕೆಲಸವನ್ನೂ ಶುರು ಮಾಡುತ್ತಿರಲಿಲ್ಲ. ಗೆಳೆಯ ಮಾತ್ರ ಸೋಮಾರಿ, ಎಂದೂ ಆ ಫೋಲ್ಡರನ್ನು ಗುಡಿಸಿದವನಲ್ಲ. ಅದಕ್ಕೆ ಆಫೀಸಿನಲ್ಲಿ ನಂದೀಶನಿಂದ ದಿನಾ ಬೈಸಿಕೊಳ್ಳುತ್ತಿದ್ದ.

ಆಮೇಲೆ ಬಿಲ್ಡ್ ಶುರು ಮಾಡಿದಾಗ, ಪ್ರೋಗ್ರಾಮಿಗೆ ಬೇಕಾದ ಯಾವುದೋ ಲೈಬ್ರರಿ ಫೈಲ್ ಇಲ್ಲವೆಂದು ಎರರ್ ಬಂತು. ಹುಡುಕಿ ಹಾಕಿದ. ಪರದೆಯ ಮೇಲೆ ಸಾಲುಗಳು ಸರಸರನೆ ಓಡಿ ನಿಂತವು.

"ಬಿಲ್ಡ್ ಆಯ್ತು ನೋಡಿ! ಒಂದು ತಪ್ಪೂ ಇಲ್ಲ!"

ಅವಳು ಮಗುವನ್ನೆತ್ತಿಕೊಂಡು ಪರದೆಯ ಹತ್ತಿರ ಸರಿದು ಕೂತಳು.

"ಈಗ ರೆಕಾರ್ಡಿಂಗ್ ಎಲ್ಲಿಟ್ಟಿದಾನೆ ಹೇಳಿ ಅತ್ತಿಗೆ. ಬೇರೆ ಕಾಪಿ ಏನಾದ್ರೂ ಇದೆಯಾ?"

"ಇಲ್ಲ, ಇದೊಂದೇ. ‘ಗುಡಿಸಲ್ಲ ಅಂತ ನಂದೀಶ ದಿನಾ ಬೈತಾನಲ್ಲ, ಆ ಫೋಲ್ಡರಲ್ಲೇ ಇಟ್ಟಿದೀನಿ, ಅಲ್ಲಿ ಯಾರೂ ಹುಡುಕಲ್ಲ’ ಅಂದಿದ್ರು."