ಸ್ಕಲಿ ಹೋಟೆಲಿಗೆ ದಾರಿ

ಏಣಿಯ ಮೇಲಿದ್ದ ಮುದುಕ ಕೊನೆಯ ಹೊಂಬಣ್ಣದ ಅಕ್ಷರವನ್ನು ಗೋಡೆಗೆ ಬಿಗಿದು ಕೆಳಗೆ ನೋಡಿದ. "ನೆಟ್ಟಗಿದೆಯಾ, ಟಾರ್ಪಿ?"

"ಟಾರ್ಪಿ ಅಲ್ಲಪ್ಪಾ, ಸ್ಕಲಿ! ಈಗ ತಾನೇ ನಿನ್ನ ಕೈಯಾರೆ ಹಾಕಿದೀಯಲ್ಲೋ!" ಡೆಕ್ಲನ್ ಸ್ಕಲಿ ಬೀದಿಯಲ್ಲೇ ರೇಗಿದ.

ಲಿಮೆರಿಕ್ ಊರಿನ ನೂರೈವತ್ತು ವರ್ಷದ ಟಾರ್ಪಿ ಹೋಟೆಲನ್ನು ಅವನು ಕೊಂಡು ನಾಲ್ಕು ತಿಂಗಳಾಗಿತ್ತು. ಅವನಪ್ಪ ಡಬ್ಲಿನ್ನಿನ ಹೋಟೆಲೊಂದರಲ್ಲಿ ನಲವತ್ತು ವರ್ಷ ಕಂಡವರ ಪೆಟ್ಟಿಗೆ ಹೊತ್ತು ಸತ್ತವನು. ಸ್ಕಲಿ ಎಂಬ ಹೆಸರನ್ನು ಒಂದು ಹೋಟೆಲಿನ ಹಣೆಯ ಮೇಲೆ ಬರೆಸಿ ಅಮ್ಮನಿಗೆ ತೋರಿಸಬೇಕು. ಡೆಕ್ಲನ್‌ಗೆ ಬದುಕಿನಲ್ಲಿ ಬೇರೆ ಆಸೆಯೇ ಇರಲಿಲ್ಲ. ಅಮ್ಮ ಮಧ್ಯಾಹ್ನದ ರೈಲಿಗೆ ಬರುವವಳಿದ್ದಳು. ಕರೆದೊಯ್ಯಲು ಸ್ಟೇಷನ್ನಿಗೆ ಬರುತ್ತೇನೆಂದರೆ ಒಪ್ಪಿರಲಿಲ್ಲ. "ಟ್ಯಾಕ್ಸಿಯವನಿಗೆ 'ಸ್ಕಲಿ ಹೋಟೆಲಿಗೆ ನಡಿ' ಅಂತ ಹೇಳೋ ಸುಖ ನಂಗೇ ಬೇಕು," ಎಂದಿದ್ದಳು.

ಆದರೆ ಊರು ಜಗ್ಗಬೇಕಲ್ಲ! ಹೋಟೆಲು ನಿಂತಿದ್ದು ಟಾರ್ಪಿ ಮೂಲೆಯಲ್ಲಿ. ಎದುರಿನದು ಟಾರ್ಪಿ ಸೇತುವೆ, ನದಿಗೆ ಇಳಿಯುವುದು ಟಾರ್ಪಿ ಮೆಟ್ಟಿಲು, ಪಕ್ಕದ್ದು ಟಾರ್ಪಿ ಔಷಧಿ ಅಂಗಡಿ. ಬೋರ್ಡು ಬದಲಿಸಿ ಎಂದು ಕೇಳಲು ಹೋದವನಿಗೆ ಅಂಗಡಿಯಾಕೆ ತಲೆನೋವಿನ ಮಾತ್ರೆ ಕೊಟ್ಟು ಕಳಿಸಿದ್ದಳು. ಪಾಪ, ಡೆಕ್ಲನ್ ಗಾಳಿ ಗುದ್ದಿ ಮೈ ನೋಯಿಸಿಕೊಳ್ಳುತ್ತಿದ್ದ.

"ಅಲ್ಲಾ ಬ್ರೀಡಾ, ಆ ಟಾರ್ಪಿ ಮನೆತನದವರು ಈಗ ಎಲ್ಲಿ ಸತ್ತಿದಾರೆ?" ಎಂದು ಒಳಗೆ ಬಂದು ಕೇಳಿದ. ಬ್ರೀಡಾ ಮೂವತ್ತು ವರ್ಷದಿಂದ ಅಲ್ಲಿ ಬಂದವರಿಗೆ ಕೋಣೆಯ ಕೀಲಿ ಕೊಡುತ್ತಿದ್ದವಳು.

"ಕೊನೇ ಟಾರ್ಪಿ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿ ತೊಂಬತ್ತು ವರ್ಷ ಆಯ್ತು ಯಜಮಾನ್ರೇ. ಆಮೇಲೆ ಯಾರು ನಡೆಸಿದ್ರೂ ಊರಿಗೆ ಅವರೇ ಟಾರ್ಪಿ. ನಿಮಗಿಂತ ಮುಂಚೆ ಇದ್ರಲ್ಲ, ಫಾಹಿ, ಅವರು ಹೋದಾಗ ರೇಡಿಯೋದ ಸಾವಿನ ಸುದ್ದೀಲಿ 'ಫಾಹಿ ತೀರಿಕೊಂಡರು' ಅಂತ ಓದಿದ್ರು. ಮುಖ ನೋಡೋಕೆ ನಾಲ್ಕೇ ಜನ. ಹೆಂಡ್ತಿ ಅವಮಾನ ತಡೀಲಾರದೆ ಫೋನ್ ಮಾಡಿ 'ಟಾರ್ಪಿ' ಅಂತ ಓದಿಸಿದ್ಲು ನೋಡಿ, ಸಾಲು ಸೇತುವೆ ದಾಟಿ ಹೋಯ್ತು!"

"ನಂಗೆ ನಾಲ್ಕೇ ಜನ ಬರ್ಲಿ, ಪರವಾಗಿಲ್ಲ."

"ಹಾಗನ್ಬೇಡಿ. ಸಾವಿಗೆ ಬಂದೋರಿಗೆ ಅಂತ ಮಾಡಿಟ್ಟ ಸ್ಯಾಂಡ್‌ವಿಚ್ ಎಲ್ಲಾ ದಂಡ."

ರೈಲು ಬರುವ ಹೊತ್ತಾಗಿ ಮೇಲೆ ಒಂದು ಗಂಟೆ ಕಳೆಯಿತು. ಸ್ಟೇಷನ್ನಿನಿಂದ ಹೋಟೆಲಿಗೆ ಹತ್ತು ನಿಮಿಷದ ದಾರಿ. ಡೆಕ್ಲನ್ ಬಾಗಿಲಿಗೂ ಫೋನಿಗೂ ನಡುವೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡಿದ. ಕೊನೆಗೆ ಟ್ಯಾಕ್ಸಿಯೊಂದು ಬಂದು ನಿಂತಿತು. ಡ್ರೈವರ್ ಸೂಟ್‌ಕೇಸು ಹೊತ್ತು ಒಳಗೆ ಬಂದ.

"ತಗೋ ಟಾರ್ಪಿ, ನಿಮ್ಮಮ್ಮನ್ನ ಜೋಪಾನವಾಗಿ ತಂದಿದೀನಿ!"

ಡೆಕ್ಲನ್‌ಗೆ ನಾಚಿಕೆಯಿಂದ ಕಿವಿ ಕೆಂಪಾಯಿತು. ಅಮ್ಮ ಹೊರಗೆ ಪಾದಚಾರಿ ದಾರಿಯಲ್ಲೇ ನಿಂತು, ಟೋಪಿ ಹಿಡಿದುಕೊಂಡು ಮೇಲಿನ ಅಕ್ಷರಗಳನ್ನು ನೋಡುತ್ತಿದ್ದಳು. ಅವನು ಓಡಿಹೋಗಿ ಅವಳ ಕೈ ಹಿಡಿದ.

"ಯಾಕಮ್ಮಾ ಇಷ್ಟು ತಡ?"

"ನನ್ನ ಮಗನ ಸ್ಕಲಿ ಹೋಟೆಲ್ ಅಂದೆ. ಮೂರು ಜನ ಟ್ಯಾಕ್ಸಿಯವರು ಹಂಗೊಂದು ಇಲ್ವೇ ಇಲ್ಲ ಅಂದ್ರು. ಇವನು ಮಾತ್ರ, 'ಮಗ ನೋಡೋಕೆ ಹೆಂಗಿದಾನೆ ಹೇಳಮ್ಮಾ' ಅಂದ. ಉದ್ದಕ್ಕಿದಾನೆ, ಮೊರದಗಲ ಕಿವಿ, ಯಾವಾಗ್ಲೂ ಸಿಡಿಸಿಡಿ ಅಂತಾನೆ ಅಂದೆ. 'ಓ, ನಮ್ಮ ಟಾರ್ಪಿ!' ಅಂತ ಸೀದಾ ತಂದುಬಿಟ್ಟ."

"ತಪ್ಪು ತಿಳೀಬೇಡಮ್ಮಾ. ಎಲ್ಲರ ಬಾಯಲ್ಲೂ ಸ್ಕಲಿ ಅನ್ನಿಸ್ತೀನಿ ನೋಡ್ತಿರು. ಅಪ್ಪನ ಹೆಸರು..."

ಅಮ್ಮ ಅವನ ಕೋಟಿನ ಕಾಲರು ಸರಿಮಾಡಿದಳು.

"ನಿಮ್ಮಪ್ಪನ್ನ ಆ ಹೋಟೆಲಲ್ಲಿ ನಲವತ್ತು ವರ್ಷ 'ಏಯ್' ಅಂತಲೇ ಕರೆದ್ರು ಕಣೋ. ಟಾರ್ಪಿ ಎಷ್ಟೋ ವಾಸಿ."