ಎಸರಿನ ಉಪ್ಪು

“ಅಕ್ಕಿ ಹಾಕೋ ಹೊತ್ತಾಯ್ತು, ಯಾರಾದ್ರೂ ಬಂದು ಎಸರಿನ ಉಪ್ಪು ನೋಡ್ರಪ್ಪಾ!” ಹಂಪಾಪುರದ ಕಾಂತರಾಜುವಿನ ಹಿತ್ತಲಿನಿಂದ ನಸೀರ್ ಕೂಗು ಹಾಕಿದ. ಕಾಂತರಾಜುವಿನ ಕಿರಿಮಗಳ ಮದುವೆ ಮುಗಿದು ಅಂದು ಬೀಗರೂಟ. ಗಂಡಿನ ಕಡೆಯವರು ಆಗಲೇ ಬಂದು ಪೆಂಡಾಲಿನಡಿ ಕೂತಿದ್ದರು. ಹುಣಸೂರಿನ ನಸೀರನ ಬಿರಿಯಾನಿಗೆ ಸುತ್ತಲ ತಾಲ್ಲೂಕುಗಳಲ್ಲೆಲ್ಲ ಹೆಸರು, ನಿಜ. ಆದರೆ ಇದು ರಂಜಾನ್ ತಿಂಗಳು, ಅವನಿಗೆ ರೋಜಾ. ಬೆಳಗಿನಿಂದ ಹನಿ ನೀರೂ ಗಂಟಲಿಗಿಳಿದಿಲ್ಲ. ಈ ತಿಂಗಳಲ್ಲಿ ಅವನನ್ನು ಕರೆದವರು ರುಚಿ ನೋಡುವ ಕೆಲಸವನ್ನು ತಾವೇ ಮಾಡಬೇಕು.

ಬಂದವಳು ಹಿರಿಮಗಳು ಅನುಶ್ರೀ, ಕೆ.ಆರ್. ನಗರದ ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ. ಕುದಿಯುವ ಎಸರನ್ನು ಸೌಟಿನಿಂದ ಅಂಗೈಗೆ ಚೂರು ಹಾಕಿಸಿಕೊಂಡು, ಊದಿ ನೆಕ್ಕಿದಳು. ಇನ್ನೊಮ್ಮೆ ನೆಕ್ಕಿ ನೋಡಿದಳು. ಬೆವರಿಳಿಯುತ್ತಿದ್ದ ಅವನ ಮುಖ ನೋಡಿ, “ಪ್ಯಾಲಟಬಲ್ ಆಗಿದೆ, ನಸೀರಣ್ಣ,” ಎಂದು ನಕ್ಕವಳೇ ಬೀಗಿತ್ತಿಯರನ್ನು ಮಾತಾಡಿಸಲು ಒಳಗೆ ಓಡಿದಳು.

ಯಾ ಅಲ್ಲಾ, ಇದೆಂಥ ಮಾತು! ‘ಭೇಷ್’ ಎಂದವರುಂಟು, ‘ಸಪ್ಪೆ’ ಎಂದು ಮುಖ ಸಿಂಡರಿಸಿದವರೂ ಉಂಟು. ಇದನ್ನು ಮಾತ್ರ ಅವನು ಕೇಳಿದ್ದೇ ಇಲ್ಲ. ನೀರಿನ ಕ್ಯಾನು ಹೊತ್ತು ಬರುತ್ತಿದ್ದ ಕಾಂತರಾಜುವನ್ನು ಅಡ್ಡಗಟ್ಟಿದ.

“ಗೌಡ್ರೇ, ಪ್ಯಾಲಟಬಲ್ ಅಂದ್ರೇನು?”

“ಚೆನ್ನಾಗೈತೆ ಅಂತ್ಲೇ ಇರ್ತದೆ, ಬುಡು.”

“ಇರ್ತದೆ ಅಂದ್ರೆ ಆಗಕಿಲ್ಲ. ಫೋನಲ್ಲಿ ನೋಡೇಳಿ.”

ಕಾಂತರಾಜು ಫೋನನ್ನು ಬಾಯಿಯ ಹತ್ತಿರ ಹಿಡಿದು ಆ ಮಾತನ್ನು ಹೇಳಿದ. ಬಂದದ್ದನ್ನು ಕಣ್ಣು ಕಿರಿದು ಮಾಡಿ ಓದಿದ. “ಬಾಯಿಗೆ ಒಪ್ಪುವಂಥದ್ದು... ಸಹಿಸಬಹುದಾದದ್ದು... ತಿನ್ನೋಕೆ ಅಡ್ಡಿಯಿಲ್ಲ ಅಂತ ಕಣಪ್ಪಾ. ಅಡ್ಗೆಗೇ ಅಲ್ಲ, ಆಡೋ ಮಾತಿಗೂ ಅಂಗಂತಾರಂತೆ.”

ಸಹಿಸಬಹುದು! ತನ್ನ ಬಿರಿಯಾನಿಯನ್ನು ಜನ ಸಹಿಸಿಕೊಂಡು ತಿನ್ನಬೇಕೆ? ನಸೀರ್ ಒಲೆಯ ಸುತ್ತ ಸುಮ್ಮನೆ ತಿರುಗಿದ. ಮಾಂಸ ಹಿಚುಕಿ ನೋಡಿದ; ಬೆಂದಿತ್ತು. ಮೂಗೊಡ್ಡಿದ, ಮಸಾಲೆ ಘಮ್ಮೆನ್ನುತ್ತಿತ್ತು. ಕೈಗೂ ಮೂಗಿಗೂ ಸಿಗದ್ದು ಉಪ್ಪೊಂದೇ. ಹಾಗಾದರೆ ಕಮ್ಮಿಯಾಗಿರುವುದು ಅದೇ! ಇನ್ನೊಮ್ಮೆ ಕೇಳೋಣವೆಂದರೆ ಅನುಶ್ರೀ ಹೆಂಗಸರ ಗುಂಪಿನಲ್ಲಿ ಎಲ್ಲೋ ಸೇರಿಹೋಗಿದ್ದಳು. ನೆನೆದ ಅಕ್ಕಿ ಕಾಯುವುದಿಲ್ಲ. ಬಿಸ್ಮಿಲ್ಲಾ ಎಂದು ಎರಡು ಹಿಡಿ ಉಪ್ಪು ಸುರಿದು, ಅಕ್ಕಿ ಹಾಕಿ ದಮ್ ಕಟ್ಟಿಬಿಟ್ಟ.

ಮೊದಲ ಪಂಕ್ತಿ ಕೂತಿತು. ಗಂಡಿನ ದೊಡ್ಡಪ್ಪ ಹುಚ್ಚಯ್ಯ ಒಂದು ತುತ್ತು ಬಾಯಿಗಿಟ್ಟವರೇ ನೀರಿನ ಲೋಟಕ್ಕೆ ಕೈ ಹಾಕಿದರು. “ಏನ್ ಬೀಗ್ರೇ, ಜೀವ್ಮಾನದ ಉಪ್ಪಿನ ಋಣವ ಒಂದೇ ತುತ್ತಲ್ಲಿ ಹೊರಿಸ್‌ಬುಟ್ರಲ್ಲಾ!” ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದಿತು. ಕಾಂತರಾಜು ಹಿತ್ತಲಿಗೆ ಬಂದು, “ಬೀಗರ ಮುಂದೆ ಮಾನ ಕಳೆದ್ಯಲ್ಲ ನಸೀರಾ,” ಎಂದಷ್ಟೇ ಹೇಳಿ ಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವನ ಹಿಂದೆಯೇ ಅನುಶ್ರೀ ಬಂದಳು. ಮುಖ ಸಣ್ಣಗಾಗಿತ್ತು. “ತಪ್ಪಾಯ್ತು ನಸೀರಣ್ಣ. ಆಗ್ಲೇ ಉಪ್ಪು ಒಂಚೂರು ಜಾಸ್ತಿ ಅನ್ನಿಸ್ತು. ಉಪವಾಸ ಇದ್ಕೊಂಡು ಬೆಂಕಿ ಮುಂದೆ ನಿಂತಿದ್ರಿ, ಬೇಜಾರಾಗ್ಬಾರ್ದು ಅಂತ ಹಂಗಂದೆ.”

“ಎಸರಲ್ಲಿ ಉಪ್ಪು ಜಾಸ್ತಿನೇ ಇರ್ಬೇಕು ಕಣಮ್ಮಾ, ಅಕ್ಕಿ ಈರ್ಕೊಳ್ತದೆ. ಜಾಸ್ತಿ ಅಂದಿದ್ರೆ ಸಾಕಿತ್ತು, ಸರಿಯಾಗೈತೆ ಅಂತ ನೆಮ್ಮದಿಯಾಗಿರ್ತಿದ್ದೆ.” ನಸೀರ್ ಸೌಟು ಕೆಳಗಿಟ್ಟ. “ರೋಜಾ ಇದ್ದದ್ದು ನನ್ನ ನಾಲಿಗೆಗೆ. ನಿಮ್ಮ ನಾಲಿಗೆಗೆ ಏನಾಗಿತ್ತು?”